ಗೊದ್ದದ ರಾಣಿಯೂ ಅದರ ಸಂಸಾರವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಂತಹ ಶುಭ ಸಮಾರಂಭದಲ್ಲಿ ಇರುವೆಯ ವಿಷಯವನ್ನು ಎತ್ತಿಕೊಂಡು ನಿಂತಿರುವುದು ಕೆಲವರಿಗಾದರೂ ವಿಚಿತ್ರವಾಗಿ ತೋರಬಹುದು. ನುಡಿ, ಸಾಹಿತ್ಯ, ಇತಿಹಾಸ ಇವುಗಳನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಇದ್ದಾರೆ. ಅವರ ಪಾಲಿನ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವುದು ನನ್ನ ವೃತ್ತಿ. ಆ ವೃತ್ತಿಯಲ್ಲಿ ನನಗೆ ಬಹುಕಾಲದಿಂದ ಕಂಡುಬಂದಿರುವ ಕೊರತೆ ಒಂದುಂಟು. ನಮ್ಮ ಮಕ್ಕಳು ಪುಸ್ತಕದಲ್ಲಿ ತಿಮಿಂಗಿಲವನ್ನು ಬಲ್ಲರು, ಹಿಮಕರಡಿಯನ್ನು ಬಲ್ಲರು. ತಮ್ಮ ಮನೆಯ ಹೊಸ್ತಿಲನ್ನು ದಿನವೂ ದಾಟುವ ಕರಿಯ ಗೊದ್ದ ಎಲ್ಲಿ ಹುಟ್ಟಿತು, ಯಾರ ಮಗಳು, ಎಷ್ಟು ದಿನ ಬದುಕುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಈ ಕೊರತೆಯನ್ನು ನೀಗಿಸಲು ಪ್ರಯೋಗಶಾಲೆ ಬೇಕಿಲ್ಲ, ಹಣ ಬೇಕಿಲ್ಲ. ಒಂದು ಗಾಜಿನ ನಳಿಕೆ, ಒಂದು ಹಿಡಿ ಅರಳೆ, ಸ್ವಲ್ಪ ನೀರು, ಬಹಳಷ್ಟು ತಾಳ್ಮೆ, ಇಷ್ಟಿದ್ದರೆ ಸಾಕು. ಒಂಟಿ ರಾಣಿಯಿಂದ ಒಂದು ಇರುವೆ ಸಂಸಾರ ಬೆಳೆದು ನಿಲ್ಲುವುದನ್ನು ಯಾರಾದರೂ ತಮ್ಮ ಮನೆಯಲ್ಲಿಯೇ ಕಣ್ಣಾರೆ ಕಾಣಬಹುದು. ಅದು ಹೇಗೆಂಬುದನ್ನು, ಹಾಗೆ ಸಾಕುವವನ ಹೊಣೆ ಏನೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದೇ ನನ್ನ ಉದ್ದೇಶ.

ಮೊದಲು ಹೆಸರಿನ ಮಾತು. ನಾವು ಗೊದ್ದ ಎಂದೂ ಕಟ್ಟಿರುವೆ ಎಂದೂ ಕರೆಯುವ ಈ ದೊಡ್ಡ ಕರಿಯ ಇರುವೆಯನ್ನು ನಮ್ಮ ನೆರೆಯ ಮರಾಠಿಗರು ಮುಂಗಳಾ ಎನ್ನುತ್ತಾರೆ. ತೆಲುಗರು ಗಂಡುಚೀಮ ಎನ್ನುತ್ತಾರೆ. ತಮಿಳಿನಲ್ಲಿ ಇದು ಕಟ್ಟೆರುಂಬು, ಮಲೆಯಾಳದಲ್ಲಿ ಕಟ್ಟುರುಂಬು. ಕನ್ನಡದ ಕಟ್ಟಿರುವೆಗೂ ಈ ಎರಡು ಹೆಸರುಗಳಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾದುದಿಲ್ಲ. ಗಡಿಯ ಎರಡು ಮಗ್ಗುಲಲ್ಲಿಯೂ ಅದೇ ಇರುವೆ, ಹೆಚ್ಚುಕಡಮೆ ಅದೇ ಹೆಸರು. ವಿಜ್ಞಾನಿಗಳು ಇದಕ್ಕೆ ಇಟ್ಟಿರುವ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ೧೭೮೭ರಲ್ಲಿ ಫ್ಯಾಬ್ರೀಸಿಯಸ್ ಎಂಬ ಡೇನಿಷ್ ಪಂಡಿತನು ಇದನ್ನು ಮೊದಲು ವರ್ಣಿಸಿದನು. ಕ್ಯಾಂಪೊನೋಟಸ್ ಎಂಬ ಕುಲನಾಮವನ್ನು ೧೮೬೧ರಲ್ಲಿ ಆಸ್ಟ್ರಿಯ ದೇಶದ ಮಾಯರ್ ಎಂಬಾತನು ಕೊಟ್ಟನು. ‘ಬಾಗಿದ ಬೆನ್ನಿನದು’ ಎಂದು ಅದರ ಅರ್ಥ. ಒಂದು ಗೊದ್ದವನ್ನು ಪಕ್ಕದಿಂದ ನೋಡಿದರೆ ಅದರ ಎದೆಯ ಮೇಲ್ಭಾಗವು ಬಿಲ್ಲಿನಂತೆ ಒಂದೇ ಸಮನಾಗಿ ಬಾಗಿರುವುದು ಕಂಡುಬರುವುದು. ಹೆಸರು ಅನ್ವರ್ಥವಾದುದೆಂದು ಆಗ ಒಪ್ಪಬೇಕಾಗುತ್ತದೆ. ಈ ಕುಲದಲ್ಲಿ ಪ್ರಪಂಚದಾದ್ಯಂತ ಸಾವಿರಕ್ಕೂ ಮೇಲ್ಪಟ್ಟು ಜಾತಿಗಳಿವೆ. ನಮ್ಮ ದೇಶದ ಇರುವೆಗಳನ್ನು ಒಟ್ಟುಗೂಡಿಸಿ ಬಿಂಗ್‌ಹ್ಯಾಮ್ ಎಂಬಾತನು ೧೯೦೩ರಲ್ಲಿ ಹೊರತಂದ ಗ್ರಂಥದಲ್ಲಿಯೂ ಈ ಕುಲಕ್ಕೆ ದೊಡ್ಡ ಸ್ಥಾನವಿದೆ.

ಇಂಗ್ಲಿಷಿನವರು ಈ ಕುಲವನ್ನು ಬಡಗಿ ಇರುವೆ ಎಂದು ಕರೆಯುತ್ತಾರೆ. ಆ ಹೆಸರು ಕೇಳಿ ನಮ್ಮ ತಾಯಂದಿರು ಮನೆಯ ತೊಲೆ ಬಾಗಿಲುಗಳ ಕಡೆಗೆ ಕಣ್ಣು ಹಾಯಿಸಬಹುದು. ಭಯಪಡಬೇಕಾದ ಕಾರಣವಿಲ್ಲ. ಯುರೋಪು ಅಮೆರಿಕಗಳ ಕೆಲವು ಜಾತಿಗಳು ಒಣಗಿದ ಮರದ ದಿಮ್ಮಿಗಳನ್ನೂ ತೇವ ಹಿಡಿದ ತೊಲೆಗಳನ್ನೂ ಕೊರೆದು ಒಳಗೆ ಓಣಿಗಳನ್ನು ಮಾಡಿಕೊಂಡು ವಾಸಿಸುತ್ತವೆ. ಅದರಿಂದ ಆ ಹೆಸರು ಬಂತು. ಅವು ಸಹ ಮರವನ್ನು ತಿನ್ನುವುದಿಲ್ಲ. ಕೊರೆದ ಹೊಟ್ಟನ್ನು ಹೊರಗೆ ತಂದು ಸುರಿಯುತ್ತವೆ. ಮರವನ್ನು ತಿಂದು ಅರಗಿಸಿಕೊಳ್ಳುವುದು ಗೆದ್ದಲು. ಅದು ಇರುವೆಯ ಜಾತಿಯೇ ಅಲ್ಲ, ಜಿರಲೆಯ ಸಂಬಂಧಿ. ನಮ್ಮ ಗೊದ್ದವಾದರೋ ಮರದ ಬುಡದಲ್ಲಿ, ಬೇರುಗಳ ನಡುವೆ, ಬದುವಿನ ಮಣ್ಣಿನಲ್ಲಿ ನೆಲವನ್ನೇ ಅಗೆದು ಮನೆ ಮಾಡುತ್ತದೆ. ಅಂದರೆ ನಮ್ಮ ಬಡಗಿ ಇರುವೆ ಬಡಗಿಯ ಕುಲದಲ್ಲಿ ಹುಟ್ಟಿ ಒಡ್ಡರ ಕಸಬು ಹಿಡಿದುದೆನ್ನಬಹುದು.

ಹೊಲದಲ್ಲಿ ಇದರ ನಡತೆಯನ್ನು ನೋಡಿದವರಿಗೆ ಗೊತ್ತು: ಜಾಲಿಯ ಕೊಂಬೆಗಳ ಮೇಲೆ ಮುಳ್ಳಿನಂತಹ ಬೆನ್ನಿನ ಸಣ್ಣ ಕೀಟಗಳು ಸಾಲಾಗಿ ಕುಳಿತಿರುತ್ತವೆ. ಗೊದ್ದಗಳು ಅವುಗಳ ಸುತ್ತ ಕಾವಲು ನಿಂತು, ಮೀಸೆಗಳಿಂದ ಅವುಗಳ ಬೆನ್ನನ್ನು ತಟ್ಟಿ, ಅವು ಹೊರಬಿಡುವ ಸಿಹಿ ಹನಿಯನ್ನು ಹೀರುತ್ತವೆ. ತುಪ್ಪದ ಹೀರೆಯ ಬಳ್ಳಿಯಲ್ಲಿ ಹೂವಿನ ಹೊರಗೆಯೇ ಜಿನುಗುವ ಸಿಹಿರಸಕ್ಕಾಗಿ ಹಗಲಿರುಳೂ ಹತ್ತಿಳಿಯುತ್ತವೆ. ಸಿಹಿ ಒಂದೇ ಅಲ್ಲ. ಸತ್ತ ಮಿಡತೆ, ಹುಳು, ಪತಂಗ ಇವೂ ಅದಕ್ಕೆ ಬೇಕು. ಇದನ್ನು ಈಗಲೇ ಹೇಳಿದುದಕ್ಕೆ ಕಾರಣವುಂಟು. ಮನೆಯಲ್ಲಿ ಸಾಕುವಾಗ ನಾವು ಕೊಡಬೇಕಾದ ಆಹಾರವೂ ಈ ಎರಡೇ.

ಇನ್ನು ರಾಣಿಯ ವಿಷಯ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬೇಸಿಗೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಆ ಬಿಸಿಲು ತಗ್ಗಿ, ರೋಹಿಣಿ ಮಿರಗಗಳ ಮಳೆ ನೆಲವನ್ನು ನೆನೆಸಿತೆಂದರೆ, ಸಂಜೆಯ ಹೊತ್ತು ದೀಪದ ಸುತ್ತ ಬಗೆಬಗೆಯ ರೆಕ್ಕೆಯ ಹುಳುಗಳು ಮುತ್ತುತ್ತವೆ. ಅವುಗಳಲ್ಲಿ ಹೆಚ್ಚಿನವು ಈಸಲು, ಎಂದರೆ ರೆಕ್ಕೆ ಬಂದ ಗೆದ್ದಲು. ಇರುವೆಯನ್ನು ಅವುಗಳಿಂದ ಬೇರ್ಪಡಿಸುವುದು ಸುಲಭ. ಈಸಲಿನ ನಾಲ್ಕು ರೆಕ್ಕೆಗಳೂ ಒಂದೇ ಉದ್ದ, ನಡು ದಪ್ಪ, ಮೀಸೆ ಮಣಿಸರದಂತೆ ನೇರ. ಇರುವೆಯ ಮುಂದಿನ ರೆಕ್ಕೆಗಳು ದೊಡ್ಡವು, ಹಿಂದಿನವು ಚಿಕ್ಕವು. ನಡು ದಾರದಂತೆ ಸಣ್ಣದು. ಮೀಸೆ ಮೊಣಕೈಯಂತೆ ಬಾಗಿದುದು. ಆ ರೆಕ್ಕೆಯ ಇರುವೆಗಳಲ್ಲಿ ಚಿಕ್ಕ ತಲೆಯ, ತೆಳ್ಳನೆಯ ಮೈಯವು ಗಂಡುಗಳು. ದಪ್ಪ ಎದೆ, ತುಂಬಿದ ಹೊಟ್ಟೆ, ಒಂದೂವರೆ ಸೆಂಟಿಮೀಟರಿಗೂ ಮೀರಿದ ಉದ್ದ ಇವುಳ್ಳವು ರಾಣಿಯರು.

‘ಸಾಯುವ ಕಾಲಕ್ಕೆ ಇರುವೆಗೆ ರೆಕ್ಕೆ ಬರುತ್ತದೆ’ ಎಂಬ ಅರ್ಥದ ಮಾತು ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಉಂಟು. ಗಂಡಿನ ಮಟ್ಟಿಗೆ ಆ ಮಾತು ಅಕ್ಷರಶಃ ಸತ್ಯ. ಆಕಾಶದಲ್ಲಿ ಒಮ್ಮೆ ಕೂಡಿದ ಮೇಲೆ ಅದರ ಬಾಳು ಮುಗಿಯಿತು. ರಾಣಿಯರಲ್ಲಿಯೂ ಬಹುಪಾಲಿಗೆ ಅದು ಸತ್ಯವೇ. ಹಲ್ಲಿ, ಕಪ್ಪೆ, ಹಕ್ಕಿ, ಬೇರೆ ಇರುವೆಗಳು, ಬಿಸಿಲು, ದೀಪದ ಸುಳ್ಳು ಬೆಳಕು ಇವೆಲ್ಲವನ್ನೂ ತಪ್ಪಿಸಿಕೊಂಡು ಮಣ್ಣಿನೊಳಗೆ ಇಳಿಯುವ ರಾಣಿ ಎಲ್ಲೋ ಒಂದು. ಆದರೆ ಆ ಒಂದಕ್ಕೆ ರೆಕ್ಕೆ ಬರುವುದು ಸಾವಿನ ಗುರುತಲ್ಲ, ಬಾಳಿನ ಆರಂಭ. ಒಂದು ಸಂಜೆ ಪಡೆದ ಬೀಜವನ್ನು ಅದು ತನ್ನ ಒಡಲಿನ ಒಂದು ಸಣ್ಣ ಚೀಲದಲ್ಲಿ ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತದೆ. ಆಮೇಲೆ ಅದು ಮತ್ತೆ ಕೂಡುವುದಿಲ್ಲ. ಆ ಬೀಜವನ್ನು ಸೇರಿಸಿ ಇಟ್ಟ ಮೊಟ್ಟೆ ಹೆಣ್ಣಾಗುವುದು. ಸೇರಿಸದೆ ಇಟ್ಟ ಮೊಟ್ಟೆ ಗಂಡಾಗುವುದು.

ನೆಲಕ್ಕಿಳಿದ ರಾಣಿಯ ಮೊದಲ ಕೆಲಸ ತನ್ನ ರೆಕ್ಕೆಗಳನ್ನು ತಾನೇ ಕಿತ್ತೊಗೆಯುವುದು. ಇದನ್ನು ಜಿನೀವದ ಪಿಯರ್ ಹ್ಯೂಬರ್ ಎಂಬ ಮಹಾಶಯನು ಕಣ್ಣಾರೆ ಕಂಡು, ೧೮೧೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಆದುದರಿಂದ ಮಳೆಯ ಮರುದಿನ ಅಂಗಳದಲ್ಲಿ, ಗೋಡೆಯ ಬುಡದಲ್ಲಿ, ರೆಕ್ಕೆಯಿಲ್ಲದೆ ಒಂಟಿಯಾಗಿ ಅವಸರದಿಂದ ಓಡಾಡುತ್ತಿರುವ ದಪ್ಪ ಎದೆಯ ಗೊದ್ದ ಕಂಡರೆ, ಅದು ಮನೆ ಹುಡುಕುತ್ತಿರುವ ರಾಣಿಯೆಂದು ತಿಳಿಯಬಹುದು. ಎದೆಯ ಪಕ್ಕದಲ್ಲಿ ರೆಕ್ಕೆ ಮುರಿದ ಗುರುತುಗಳು ಕಾಣುತ್ತವೆ. ನಾವು ಸಾಕಲು ಆರಿಸಿಕೊಳ್ಳಬೇಕಾದುದು ಇಂತಹ ರಾಣಿಯನ್ನು. ರೆಕ್ಕೆ ಇನ್ನೂ ಇರುವುದು ಕೂಡದೆಯೇ ಬಂದಿರಬಹುದು. ಅದರಿಂದ ಸಂಸಾರ ಬೆಳೆಯದು. ಇನ್ನೊಂದು ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕಾಗಿದೆ: ರಾಣಿ ಬೇಕೆಂದು ಎಂದೂ ಗೂಡನ್ನು ಅಗೆಯಬಾರದು. ಒಂದು ರಾಣಿಗಾಗಿ ಗೂಡನ್ನು ಅಗೆದರೆ ತಾಯಿಯಿಲ್ಲದ ನೂರಾರು ಇರುವೆಗಳು ಹಾಳಾಗುತ್ತವೆ. ಕಿತ್ತು ತಂದ ಮುದಿ ರಾಣಿ ಹೊಸದಾಗಿ ಸಂಸಾರ ಹೂಡುವ ಶಕ್ತಿಯನ್ನು ಉಳಿಸಿಕೊಂಡಿರುವುದಿಲ್ಲ.

ರಾಣಿ ದೊರೆತ ಮೇಲೆ ಮನೆ. ಹದಿನೈದು ಸೆಂಟಿಮೀಟರು ಉದ್ದದ, ಒಂದೂವರೆ ಎರಡು ಸೆಂಟಿಮೀಟರು ಅಗಲದ ಗಾಜಿನ ನಳಿಕೆಯನ್ನು ತೆಗೆದುಕೊಂಡು, ಅದರ ಮೂರನೆಯ ಒಂದು ಭಾಗದಷ್ಟು ಕುದಿಸಿ ಆರಿಸಿದ ನೀರನ್ನು ತುಂಬಬೇಕು. ಆಮೇಲೆ ಶುದ್ಧವಾದ ಅರಳೆಯ ಬಿಗಿಯಾದ ಉಂಡೆಯನ್ನು, ನೀರಿಗೆ ತಗಲಿ ನೆನೆಯುವವರೆಗೆ, ಒಂದು ಕಡ್ಡಿಯಿಂದ ಒಳಕ್ಕೆ ತಳ್ಳಬೇಕು. ಅರಳೆ ತೇವವಾಗಿರಬೇಕು, ನೀರು ಸೋರಿ ಈಚೆಗೆ ಬರಬಾರದು. ಉಳಿದ ಒಣ ಜಾಗದಲ್ಲಿ ರಾಣಿಯನ್ನು ಮೆಲ್ಲನೆ ಬಿಟ್ಟು, ಬಾಯಿಗೆ ಒಣ ಅರಳೆಯನ್ನು ಸಡಿಲವಾಗಿ ತುಂಬಬೇಕು. ಅದರ ಮೂಲಕ ಗಾಳಿ ಆಡುತ್ತದೆ. ಹೊರಗೆ ಕೆಂಪು ಬಣ್ಣದ ತೆಳುಹಾಳೆ ಸುತ್ತಿದರೆ ಅನುಕೂಲ. ಇರುವೆಯ ಕಣ್ಣಿಗೆ ಕೆಂಪು ಬಹುಮಟ್ಟಿಗೆ ಕತ್ತಲೆಯೇ ಎಂಬುದನ್ನು ಇಂಗ್ಲೆಂಡಿನ ಜಾನ್ ಲಬ್ಬಕ್ ಎಂಬಾತನು ಬಣ್ಣಬಣ್ಣದ ಗಾಜುಗಳನ್ನು ಗೂಡಿನ ಮೇಲಿಟ್ಟು ಪರೀಕ್ಷಿಸಿ ತೋರಿಸಿದನು. ಇರುವೆಗಳು ತಮ್ಮ ಮರಿಗಳನ್ನು ನೇರಳೆ ಗಾಜಿನಡಿಯಿಂದ ಎತ್ತಿಕೊಂಡು ಹೋಗಿ ಕೆಂಪು ಗಾಜಿನಡಿ ಸೇರಿಸುತ್ತಿದ್ದುವು. ಆತನ ಗ್ರಂಥ ಪ್ರಕಟವಾದುದು ೧೮೮೨ರಲ್ಲಿ. ಆ ನಳಿಕೆಯನ್ನು ಕದಲದ, ಬಿಸಿಲು ತಾಗದ, ತಂಪಾದ ಮೂಲೆಯಲ್ಲಿ ಇಡಬೇಕು. ಮನೆಯಲ್ಲಿ ನೀರಿನ ಹೂಜಿ ಇಡುವ ಮೂಲೆ ನಮ್ಮ ಕಡೆಗೆ ಉತ್ತಮ. ನಳಿಕೆ ಹಠಾತ್ತಾಗಿ ಕಾದರೆ ನೀರಿನ ಹಿಂದಿರುವ ಗಾಳಿಯ ಗುಳ್ಳೆ ಹಿಗ್ಗಿ, ನೀರನ್ನು ಅರಳೆಯಿಂದ ಈಚೆಗೆ ನೂಕುತ್ತದೆ. ರಾಣಿ ತನ್ನ ಮನೆಯಲ್ಲಿಯೇ ಮುಳುಗಿ ಸಾಯುತ್ತದೆ.

ಇಲ್ಲಿಗೆ ನಮ್ಮ ಕೈಯ ಕೆಲಸ ಮುಗಿಯಿತು. ಮನಸ್ಸಿನ ಕೆಲಸ ಆರಂಭವಾಯಿತು. ಏಕೆಂದರೆ ಮುಂದಿನ ಐದಾರು ವಾರ, ಕೆಲವೊಮ್ಮೆ ಎರಡು ತಿಂಗಳು, ರಾಣಿಗೆ ಏನನ್ನೂ ಕೊಡಬೇಕಾಗಿಲ್ಲ. ಅನ್ನವಿಲ್ಲದೆ ಒಂದು ಜೀವವನ್ನು ಇಷ್ಟು ದಿನ ಕೂಡಿಹಾಕುವುದು ಕ್ರೌರ್ಯವಲ್ಲವೇ ಎಂದು ನಮ್ಮ ತಾಯಂದಿರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಸರಿ. ಕಾಡಿನಲ್ಲಿಯೂ ಗೊದ್ದದ ರಾಣಿ ಮಣ್ಣಿನೊಳಗೆ ಬಾಗಿಲು ಮುಚ್ಚಿಕೊಂಡು ಉಪವಾಸವೇ ಕುಳಿತಿರುತ್ತದೆ. ಹಾಗಿದ್ದರೂ ಅದು ಮೊಟ್ಟೆಯಿಟ್ಟು ಮರಿಗಳಿಗೆ ಉಣಿಸುವುದಾದರೂ ಎಲ್ಲಿಂದ? ಇದಕ್ಕೆ ಉತ್ತರ ದೊರೆತುದು ಫ್ರಾನ್ಸಿನಲ್ಲಿ. ಶಾರ್ಲ್ ಜಾನೆ ಎಂಬ ಇಂಜಿನಿಯರನು ೧೯೦೭ರ ಸುಮಾರಿಗೆ ಹೊಸ ರಾಣಿಯರ ಎದೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಹಾರಲು ನೆರವಾಗಿದ್ದ ಆ ದಪ್ಪ ಸ್ನಾಯುಗಳೆಲ್ಲ ಕೂಡಿದ ಬಳಿಕ ಕರಗಿಹೋಗುವುವೆಂದು ಕಂಡುಕೊಂಡನು. ಇನ್ನು ಬೇಡವಾದ ರೆಕ್ಕೆಯ ಬಲವೇ ಕರಗಿ ರಕ್ತಕ್ಕೆ ಸೇರಿ, ಒಡಲಿನ ಕೊಬ್ಬಿನೊಡನೆ ಮರಿಗಳ ಆಹಾರವಾಗುತ್ತದೆ. ಹಾರಾಟವನ್ನು ಅರಗಿಸಿಕೊಂಡು ತಾಯ್ತನವನ್ನಾಗಿ ಮಾಡಿಕೊಳ್ಳುವ ಈ ಏರ್ಪಾಡಿಗಿಂತ ಹೆಚ್ಚಿನ ಮಿತವ್ಯಯವನ್ನು ಪ್ರಕೃತಿಯಲ್ಲಿ ಕಾಣುವುದು ಕಷ್ಟ.

ಬಡಗಿ ಇರುವೆಯ ರಾಣಿಯೊಂದು ಹೀಗೆ ಸೆರೆಯಲ್ಲಿದ್ದುಕೊಂಡೇ ಸಂಸಾರ ಹೂಡುವುದನ್ನು ಕುರಿತು ಅಮೆರಿಕದ ಫಿಲಡೆಲ್ಫಿಯದ ಹೆನ್ರಿ ಮೆಕುಕ್ ಎಂಬ ಪಾದ್ರಿಯು ೧೮೮೩ರಲ್ಲಿ ಲೇಖನವನ್ನು ಬರೆದನು. ಬಡಗಿ ಇರುವೆಯ ರಾಣಿ ಒಂದು ಪಟ್ಟಣವನ್ನು ಸ್ಥಾಪಿಸುವ ಬಗೆ ಎಂಬುದೇ ಆ ಲೇಖನದ ವಿಷಯ. ರಾಣಿಯೊಂದೇ, ಯಾರ ನೆರವೂ ಇಲ್ಲದೆ, ಹೊಸ ಗೂಡನ್ನು ಆರಂಭಿಸಬಲ್ಲುದೇ ಎಂಬುದು ಆ ಕಾಲದ ಪಂಡಿತರಲ್ಲಿ ಚರ್ಚೆಯ ವಿಷಯವಾಗಿತ್ತು. ಆ ಚರ್ಚೆಯನ್ನು ತೀರಿಸಿದುದು ವಾದವಲ್ಲ. ಗಾಜಿನ ಪಾತ್ರೆಯಲ್ಲಿ ಒಂದು ರಾಣಿಯನ್ನು ಇಟ್ಟು, ಕಾದು ನೋಡಿದವರ ತಾಳ್ಮೆ. ನಾವು ಮನೆಯ ಮೂಲೆಯಲ್ಲಿ ಒಂದು ನಳಿಕೆಯನ್ನು ಇಟ್ಟಾಗ ಮಾಡುವುದು ಅದೇ ಪ್ರಯೋಗವನ್ನು.

ಕೆಲವು ದಿನಗಳಲ್ಲಿ ರಾಣಿ ಸಣ್ಣ ಬಿಳಿಯ ಮೊಟ್ಟೆಗಳನ್ನಿಟ್ಟು, ಅವನ್ನು ಒಂದು ಗುಂಪಾಗಿ ಕೂಡಿಸಿಕೊಂಡು, ಬೂಷ್ಟು ಹಿಡಿಯದಂತೆ ಸದಾ ನೆಕ್ಕುತ್ತಿರುತ್ತದೆ. ಮೊಟ್ಟೆ ಒಡೆದು ಕಾಲಿಲ್ಲದ ಮರಿಹುಳುಗಳು ಹೊರಬರುತ್ತವೆ. ತಾಯಿ ಅವುಗಳ ಬಾಯಿಗೆ ಬಾಯಿಟ್ಟು ತನ್ನ ಒಡಲಿನ ರಸವನ್ನು ಉಣಿಸುತ್ತದೆ. ಬೆಳೆದ ಮರಿ ತನ್ನ ಸುತ್ತ ರೇಷ್ಮೆಯ ನೂಲನ್ನು ಸುತ್ತಿಕೊಂಡು, ಜೀರಿಗೆಯ ಕಾಳನ್ನು ಹಿಗ್ಗಿಸಿದಂತಿರುವ ಗೂಡಿನೊಳಗೆ ಅಡಗುತ್ತದೆ. ಜನರು ಸಾಮಾನ್ಯವಾಗಿ ಇರುವೆಯ ಮೊಟ್ಟೆಯೆಂದು ಕರೆಯುವುದು ಈ ಗೂಡುಗಳನ್ನೇ. ನಿಜವಾದ ಮೊಟ್ಟೆ ಅದಕ್ಕಿಂತ ಬಹಳ ಚಿಕ್ಕದು. ಗೂಡಿನೊಳಗಿನ ಎಳೆಯ ಇರುವೆಗೆ ತಾನಾಗಿ ಹೊರಬರುವುದು ಕಷ್ಟವಾದುದರಿಂದ, ಕಾಲ ತುಂಬಿದಾಗ ತಾಯಿಯೇ ದವಡೆಯಿಂದ ಗೂಡನ್ನು ಸೀಳಿ ಅದನ್ನು ಹೊರಗೆ ಬಿಡಿಸುತ್ತದೆ. ಅಮೆರಿಕದ ಕರಿಯ ಬಡಗಿ ಇರುವೆಯಲ್ಲಿ ಮೊಟ್ಟೆಯಿಂದ ಇರುವೆಯಾಗಲು ಸುಮಾರು ಎರಡು ತಿಂಗಳು ಹಿಡಿಯುವುದೆಂದು ೧೯೦೮ರಲ್ಲಿ ಪ್ರೈಸರ್ ಎಂಬಾತನು ಬರೆದಿದ್ದಾನೆ. ಹವೆ ಬೆಚ್ಚಗಿದ್ದಷ್ಟೂ ಕಾಲ ಕಡಮೆ.

ಈ ಎರಡು ತಿಂಗಳಲ್ಲಿಯೇ ಅನೇಕ ರಾಣಿಯರು ನಮ್ಮ ಕೈಯಲ್ಲಿ ಸಾಯುವುದು. ಹಸಿವೆಯಿಂದಲ್ಲ, ನೀರಿಲ್ಲದೆಯೂ ಅಲ್ಲ, ನಮ್ಮ ಕುತೂಹಲದಿಂದ. ದಿನಕ್ಕೆ ನಾಲ್ಕು ಸಲ ನಳಿಕೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಲುಗಾಡಿಸಿ, ನೆರೆಹೊರೆಯವರಿಗೆಲ್ಲ ತೋರಿಸಿದರೆ, ರಾಣಿ ತನ್ನ ಗೂಡಿಗೆ ಅಪಾಯ ಬಂದಿದೆಯೆಂದು ತಿಳಿದು ತಾನು ಇಟ್ಟ ಮೊಟ್ಟೆಗಳನ್ನು ತಾನೇ ತಿಂದುಬಿಡುತ್ತದೆ. ಇದನ್ನು ಕಂಡ ಮಕ್ಕಳು ರಾಣಿಯನ್ನು ದುಷ್ಟ ತಾಯಿಯೆಂದು ನಿಂದಿಸುವುದುಂಟು. ಅದು ದುಷ್ಟತನವಲ್ಲ. ಉಳಿಯಲಾರದ ಮರಿಗಳಲ್ಲಿ ಹೂಡಿದ ಒಡಲಿನ ಬಂಡವಾಳವನ್ನು ಮರಳಿ ಪಡೆದು, ನೆಮ್ಮದಿಯ ಕಾಲಕ್ಕೆ ಉಳಿಸಿಕೊಳ್ಳುವ ಕೊನೆಯ ಉಪಾಯ. ಆದರೆ ಆ ಬಂಡವಾಳಕ್ಕೆ ಮಿತಿಯುಂಟು. ಎರಡು ಮೂರು ಸಲ ಹೀಗಾದರೆ ರೆಕ್ಕೆಯ ಬಲವೂ ಕೊಬ್ಬೂ ಮುಗಿದು ರಾಣಿ ಸೊರಗಿ ಸಾಯುತ್ತದೆ. ಆದುದರಿಂದ ವಾರಕ್ಕೊಮ್ಮೆ, ಒಂದು ನಿಮಿಷ ಮಾತ್ರ, ಕೆಂಪು ಹಾಳೆಯ ಮೂಲಕವೇ ನೋಡುವುದು ಸಾಕು. ಪ್ರೀತಿಯಿಂದ ನೋಡುವುದಕ್ಕಿಂತ ಪ್ರೀತಿಯಿಂದ ನೋಡದಿರುವುದು ಕಷ್ಟ. ಇಲ್ಲಿ ಬೇಕಾದುದು ಎರಡನೆಯದು.

ಮೊದಲ ಮಕ್ಕಳು ಹೊರಬಂದಾಗ ನೋಡುವವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅವು ಅಂಗಳದ ಗೊದ್ದಗಳಂತೆ ದೊಡ್ಡವಲ್ಲ. ಬಡಕಲು, ಅಂಜುಬುರುಕ ಮರಿಗಳು. ರಾಣಿಯ ಒಡಲಿನಲ್ಲಿದ್ದ ಬುತ್ತಿ ಅಷ್ಟೇ. ಅದನ್ನು ಇಬ್ಬರು ದೊಡ್ಡ ಮಕ್ಕಳಿಗೆ ಉಣಿಸುವುದಕ್ಕಿಂತ ಹತ್ತು ಚಿಕ್ಕ ಮಕ್ಕಳಿಗೆ ಹಂಚುವುದು ಲೇಸು. ಏಕೆಂದರೆ ಆಗ ಬೇಕಾದುದು ತೋಳಿನ ಬಲವಲ್ಲ, ಕೈಗಳ ಸಂಖ್ಯೆ. ಈ ಚಿಕ್ಕವುಗಳೇ ಹೊರಗೆ ಹೋಗಿ ಆಹಾರ ತಂದು, ತಾಯಿಗೂ ತಂಗಿಯರಿಗೂ ಉಣಿಸುತ್ತವೆ. ಅಲ್ಲಿಂದ ಮುಂದೆ ರಾಣಿಗೆ ಮೊಟ್ಟೆಯಿಡುವುದೊಂದೇ ಕೆಲಸ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇರುವೆಗಳ ಗಾತ್ರ ಏರುತ್ತ ಹೋಗಿ, ಸಂಸಾರ ದೊಡ್ಡದಾದ ಮೇಲೆ ದಪ್ಪ ತಲೆಯ, ಬಲವಾದ ದವಡೆಯ ದೊಡ್ಡ ಗೊದ್ದಗಳು ಕಾಣಿಸಿಕೊಳ್ಳುತ್ತವೆ. ಎಲ್ಲರೂ ಒಬ್ಬ ತಾಯಿಯ ಹೆಣ್ಣುಮಕ್ಕಳೇ.

ಊಟ ಕೊಡಬೇಕಾದುದು ಮೊದಲ ಮಗಳು ಹೊರಬಂದ ದಿನದಿಂದ. ನೀರು ಬೆರೆಸಿದ ಜೇನು ಅಥವಾ ಸಕ್ಕರೆ ನೀರಿನ ಒಂದು ಹನಿಯನ್ನು ಕಾಗದದ ಚೂರಿನ ಮೇಲಿಟ್ಟು ಕೊಡಬೇಕು. ಹನಿ ದೊಡ್ಡದಾದರೆ ಸಣ್ಣ ಇರುವೆಗಳು ಅದರಲ್ಲಿ ಅಂಟಿಕೊಂಡು ಸಾಯುತ್ತವೆ. ವಾರಕ್ಕೆ ಎರಡು ಸಲ ಒಂದು ಹಣ್ಣಿನ ನೊಣವನ್ನೋ ಮಿಡತೆಯ ಒಂದು ಕಾಲನ್ನೋ ಬಿಸಿನೀರಿನಲ್ಲಿ ಅದ್ದಿ ಕೊಡಬೇಕು. ಸಿಹಿ ದೊಡ್ಡವರ ದುಡಿಮೆಗೆ. ಮಾಂಸ ಮರಿಗಳ ಬೆಳವಣಿಗೆಗೆ. ಬೆಳೆದ ಇರುವೆ ಗಟ್ಟಿ ಆಹಾರವನ್ನು ನುಂಗಲಾರದು. ರಸವನ್ನು ಮಾತ್ರ ಹೀರುತ್ತದೆ. ಹೀರಿದ ರಸವೆಲ್ಲವೂ ಅದರ ಸ್ವಂತದ್ದಲ್ಲ. ಹೊಟ್ಟೆಯಲ್ಲಿ ಅದಕ್ಕೆ ಎರಡು ಚೀಲಗಳುಂಟು. ಮುಂದಿನದು ಊರಿನ ಕಣಜ. ಹಿಂದಿನದು ತನ್ನ ಪಾಲು. ಹಸಿದ ತಂಗಿ ಬಂದು ಮೀಸೆಯಿಂದ ಮುಖವನ್ನು ಸವರಿದರೆ, ಕಣಜದಿಂದ ಒಂದು ಹನಿ ಹೊರಗೆ ಬರುತ್ತದೆ. ಸಿಹಿನೀರಿಗೆ ಒಂದಿಷ್ಟು ಅಡಿಗೆಯ ಬಣ್ಣವನ್ನು ಬೆರೆಸಿ ಒಂದೇ ಇರುವೆಗೆ ಕುಡಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಆ ಬಣ್ಣವು ಹಲವು ಇರುವೆಗಳ ಹೊಟ್ಟೆಯಲ್ಲಿ ಮಸುಕಾಗಿ ತೋರುವುದನ್ನು ಕಾಣಬಹುದು. ಪುಸ್ತಕದ ಹತ್ತು ಪುಟಗಳು ಹೇಳಲಾರದುದನ್ನು ಆ ಒಂದು ಹನಿ ಹೇಳುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯೂ ಉಂಟು. ೧೮೮೦ರ ದಶಕದಲ್ಲಿ ಜರ್ಮನಿಯ ಬ್ಲಾಕ್‌ಮನ್ ಎಂಬ ವಿಜ್ಞಾನಿಯು ಬಡಗಿ ಇರುವೆಯ ಕರುಳಿನ ಜೀವಕೋಶಗಳ ಒಳಗೂ ಮೊಟ್ಟೆಗಳ ಒಳಗೂ ಕಡ್ಡಿಯಾಕಾರದ ಸೂಕ್ಷ್ಮ ಜೀವಿಗಳಿರುವುದನ್ನು ಕಂಡನು. ಅವು ಬ್ಯಾಕ್ಟೀರಿಯಗಳು, ಈಗ ಅವಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ. ೨೦೦೩ರಲ್ಲಿ ಅವುಗಳ ವಂಶಲಿಪಿಯನ್ನು ಪೂರ್ತಿಯಾಗಿ ಓದಿ ನೋಡಿದಾಗ, ಇರುವೆಗೆ ತಾನಾಗಿ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳನ್ನು ಅವು ತಯಾರಿಸಿಕೊಡಬಲ್ಲುವೆಂದು ತಿಳಿಯಿತು. ಬರಿಯ ಸಿಹಿಯ ಮೇಲೆಯೇ ಹೆಚ್ಚಾಗಿ ಬದುಕುವ ಗೊದ್ದಕ್ಕೆ ಈ ನೆರವು ಅಲ್ಪವಾದುದಲ್ಲ. ಮೊಟ್ಟೆಯೊಳಗೆಯೇ ಸೇರಿ ತಾಯಿಯಿಂದ ಮಗಳಿಗೆ ಇಳಿದುಬರುವ ಸ್ತ್ರೀಧನವಿದು. ನಳಿಕೆಯಲ್ಲಿ ಒಂಟಿಯಾಗಿ ಕುಳಿತಿರುವ ರಾಣಿ ನಿಜವಾಗಿ ಒಂಟಿಯಲ್ಲ; ಲಕ್ಷಾಂತರ ಜೊತೆಗಾರರನ್ನು ಒಡಲಲ್ಲಿ ಹೊತ್ತುಕೊಂಡೇ ಕುಳಿತಿರುತ್ತದೆ.

ಸಂಸಾರ ಬೆಳೆದಂತೆ ನಳಿಕೆ ಸಾಲದಾಗುತ್ತದೆ. ನೀರು ಮುಗಿಯುವ ಮುಂಚೆಯೇ ಹೊಸ ನಳಿಕೆಯನ್ನು ಹಳೆಯದರ ಬಾಯಿಗೆ ಜೋಡಿಸಿ, ಹೊಸದನ್ನು ಕತ್ತಲಲ್ಲಿಯೂ ಹಳೆಯದನ್ನು ಬೆಳಕಿನಲ್ಲಿಯೂ ಇಟ್ಟರೆ, ಅವು ತಾವಾಗಿಯೇ ಮರಿಗಳನ್ನು ಹೊತ್ತುಕೊಂಡು ಹೊಸ ಮನೆಗೆ ನಡೆಯುತ್ತವೆ, ನಾವು ಸುರಿಯಬೇಕಾದುದಿಲ್ಲ. ಮುಂದೆ ಇರುವೆಗಳ ಸಂಖ್ಯೆ ಐವತ್ತು ಅರವತ್ತನ್ನು ಮುಟ್ಟಿದಾಗ, ಮೇಲೆ ಗಾಜು ಮುಚ್ಚಿದ ಗಾರೆಯ ಗೂಡನ್ನು ಮಾಡಿಕೊಡಬಹುದು. ಲಬ್ಬಕನು ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಮಣ್ಣು ತುಂಬಿ ಇರುವೆಗಳನ್ನು ಸಾಕುತ್ತಿದ್ದನು. ಜಾನೆಯು ಜಿಪ್ಸಂ ಗಾರೆಯಲ್ಲಿ ಕೋಣೆಗಳನ್ನು ಕೊರೆದು, ಒಂದು ಕೊನೆಗೆ ನೀರು ಹೊಯ್ದು ತೇವವನ್ನು ಕಾಯುವ ಗೂಡನ್ನು ೧೮೯೩ರಲ್ಲಿಯೇ ವಿವರಿಸಿದನು. ಗೂಡಿನ ಪಕ್ಕದಲ್ಲಿ ಆಹಾರ ಇಡುವ ಒಂದು ಅಂಗಳವಿರಬೇಕು. ಅದರ ಅಂಚಿಗೆ ಒಳಗಡೆ ವ್ಯಾಸಲೀನನ್ನು ತೆಳ್ಳಗೆ ಸವರಿದರೆ ಇರುವೆ ಹತ್ತಲಾರದು. ತುಪ್ಪದ ಗಡಿಗೆಗೆ ನಮ್ಮ ಹಿರಿಯರು ಮಾಡುತ್ತಿದ್ದಂತೆ, ಇಡೀ ಗೂಡನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಲೂಬಹುದು. ಇರುವೆ ಒಳಗೆ ಬಾರದಂತೆ ಅವರು ಕಟ್ಟುತ್ತಿದ್ದ ಕಂದಕ ಇಲ್ಲಿ ಹೊರಗೆ ಹೋಗದಂತೆ ಕಾಯುತ್ತದೆ. ಗೊದ್ದಕ್ಕೆ ಕೊಂಡಿಯಿಲ್ಲ. ಆದರೆ ದವಡೆಯಿಂದ ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡುವುದು ಒಳ್ಳೆಯದು.

ಅಪಾಯಗಳನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊದಲನೆಯದು ವಿಷ. ಸೊಳ್ಳೆಯ ಔಷಧ, ಇರುವೆಯ ಸೀಮೆಸುಣ್ಣ ಇವುಗಳನ್ನು ಮುಟ್ಟಿದ ಕೈಯಿಂದ ಗೂಡನ್ನು ಮುಟ್ಟಬಾರದು. ಔಷಧ ಹೊಡೆದ ಹೊಲದಿಂದ ಹಿಡಿದು ತಂದ ಒಂದು ಮಿಡತೆ ಸಾಕು, ಇಡೀ ಸಂಸಾರ ಮುಗಿಯುತ್ತದೆ. ಕಣಜದ ಮೂಲಕ ಅನ್ನ ಹಂಚುವ ಕ್ರಮವೇ ಆಗ ವಿಷ ಹಂಚುವ ಕ್ರಮವಾಗುತ್ತದೆ. ಎರಡನೆಯದು ಬೂಷ್ಟು. ತಿಂದುಳಿದುದನ್ನು ಮರುದಿನವೇ ತೆಗೆದುಹಾಕಬೇಕು. ಮೂರನೆಯದು ನೆಂಟಸ್ತಿಕೆ. ಒಂಟಿ ರಾಣಿಗೆ ಜೊತೆಯಿರಲಿ ಎಂದು ಅಂಗಳದ ನಾಲ್ಕು ಗೊದ್ದಗಳನ್ನು ಹಿಡಿದು ಒಳಗೆ ಬಿಟ್ಟರೆ ಅವು ರಾಣಿಯನ್ನು ಕೊಂದುಬಿಡುತ್ತವೆ. ಪ್ರತಿ ಗೂಡಿಗೂ ಮೈಮೇಲೆ ತನ್ನದೇ ವಾಸನೆಯುಂಟು. ಆ ವಾಸನೆಯಿಲ್ಲದವರು ಪರರು.

ಈಗ ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ನಳಿಕೆಯಲ್ಲಿ ರಾಣಿಯನ್ನು ಇಡುವುದು ಐದು ನಿಮಿಷದ ಕೆಲಸ. ಆದರೆ ಅದರ ಆಯುಷ್ಯ ಎಷ್ಟೆಂಬುದನ್ನು ಮೊದಲೇ ಆಲೋಚಿಸಬೇಕು. ಲಬ್ಬಕನ ಬಳಿ ಒಂದು ಜಾತಿಯ ಇರುವೆ ರಾಣಿ ಹದಿನಾಲ್ಕು ವರ್ಷಕ್ಕೂ ಮೀರಿ ಬದ��ಕಿತ್ತು. ಆತನ ತರುವಾಯ ಯುರೋಪಿನಲ್ಲಿ ಸಾಕಿದ ಮತ್ತೊಂದು ಜಾತಿಯ ರಾಣಿ ೨೮ ವರ್ಷಕ್ಕೂ ಮೀರಿ ಬದುಕಿದುದನ್ನು ೧೯೬೯ರಲ್ಲಿ ಪ್ರಕಟಿಸಿದ್ದಾರೆ. ಅಮೆರಿಕದ ಕರಿಯ ಬಡಗಿ ಇರುವೆಯ ಗೂಡು ಎರಡು ಸಾವಿರ ಇರುವೆಗಳನ್ನು ಮೀರಿ ಬೆಳೆದು ಹೊಸ ರಾಣಿಯರನ್ನು ಹಾರಿಸಬೇಕಾದರೆ ಮೂರರಿಂದ ಆರು ವರ್ಷ ಬೇಕು. ಹೈಸ್ಕೂಲಿನ ಹುಡುಗನು ಇಂದು ಇಟ್ಟ ರಾಣಿ, ಆತನು ಓದು ಮುಗಿಸಿ ಕೆಲಸಕ್ಕೆ ಹೋಗುವ ದಿನವೂ ಮೊಟ್ಟೆಯಿಡುತ್ತಿರಬಹುದು. ಅಷ್ಟು ವರ್ಷ ವಾರಕ್ಕೆರಡು ಸಲ ಅನ್ನ ನೀರು ನೋಡಿಕೊಳ್ಳುವ ಸಂಕಲ್ಪವಿಲ್ಲದಿದ್ದರೆ, ಆ ಸಂಜೆ ರಾಣಿಯನ್ನು ಗೋಡೆಯ ಬುಡದಲ್ಲಿ ಅದರ ಪಾಡಿಗೆ ಬಿಡುವುದೇ ದಯೆ. ಸಾಕಿ, ಆಮೇಲೆ ಬಿಡಬೇಕಾಗಿ ಬಂದರೆ, ಹಿಡಿದ ಊರಿನಲ್ಲಿಯೇ, ಮಳೆ ಬಿದ್ದು ನೆಲ ಮೆತ್ತಗಿರುವ ಕಾಲದಲ್ಲಿಯೇ ಬಿಡಬೇಕು. ದೂರದ ಊರಿನಿಂದ ತಂದ ಇರುವೆಯನ್ನು ಎಂದೂ ನಮ್ಮ ನೆಲದಲ್ಲಿ ಬಿಡಬಾರದು. ಪರಸ್ಥಳದಿಂದ ಬಂದ ಇರುವೆಗಳು ಸ್ಥಳೀಯ ಇರುವೆಗಳನ್ನು ನಾಶಮಾಡಿದ ಉದಾಹರಣೆಗಳು ಪ್ರಪಂಚದಲ್ಲಿ ಹಲವಿವೆ.

ಆನೆಗೆ ಆನೆಯ ಭಾರ, ಇರುವೆಗೆ ಇರುವೆಯ ಭಾರ ಎಂದು ನಮ್ಮವರು ಹೇಳುತ್ತಾರೆ. ಸಾಕುವವನಿಗೆ ಆ ಇರುವೆಯ ಭಾರವೂ ತನ್ನದೇ. ಹತ್ತು ವರ್ಷದ ಬಾಲಕನೋ ಬಾಲಕಿಯೋ ಆ ಭಾರವನ್ನು ಹೊರಲು ಕಲಿತರೆ, ಅದು ವಿಜ್ಞಾನದ ಪಾಠಕ್ಕಿಂತ ದೊಡ್ಡ ಪಾಠ. ಅದರೊಡನೆ ಒಂದು ಸಣ್ಣ ಟಿಪ್ಪಣಿ ಪುಸ್ತಕವಿರಲಿ. ರಾಣಿ ದೊರೆತ ದಿನ, ಮೊದಲ ಮೊಟ್ಟೆ ಕಂಡ ದಿನ, ಮೊದಲ ಗೂಡು, ಮೊದಲ ಮಗಳು, ಆ ದಿನದ ಸೆಕೆ, ಮಳೆ, ಇವನ್ನೆಲ್ಲ ತಮ್ಮ ಮನೆಮಾತಿನಲ್ಲಿಯೇ ಬರೆದಿಡಲಿ. ನಮ್ಮ ಗೊದ್ದವನ್ನು ಕುರಿತು ಈ ಬಗೆಯ ದಿನಚರಿಗಳು ಹಲವು ಊರುಗಳಲ್ಲಿ ಹಲವು ವರ್ಷ ಸೇರಿದರೆ, ಮೆಕುಕನೂ ಪ್ರೈಸರನೂ ತಮ್ಮ ನೆಲದ ಇರುವೆಗೆ ಮಾಡಿದ ಕೆಲಸವನ್ನು ನಮ್ಮ ನೆಲದ ಇರುವೆಗೆ ನಮ್ಮ ಮಕ್ಕಳೇ ಮಾಡಿದಂತಾಗುತ್ತದೆ. ಅದಕ್ಕೆ ಬೇಕಾದ ರಾಣಿಯರನ್ನು ಮುಂದಿನ ಮಿರಗದ ಮಳೆ ತಪ್ಪದೆ ನಮ್ಮ ಅಂಗಳಕ್ಕೆ ಕಳುಹಿಸುತ್ತದೆ.